ಯೂನಿಕ್ಸ್ ಸಂಗ್ರಹಚಾಲಕಗಳ ಇತಿಹಾಸವೂ ಕೋಲಾರ ಸೀಮೆಯ ದಾಖಲೆಗಳೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ಬಹುಕಾಲ ಶಾಸನ, ಕಡತ, ಕಾಗದ ಈ ಮೂರೇ ಮುಖ್ಯ ಆಧಾರಗಳಾಗಿದ್ದುವು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಕೋಲಾರಮ್ಮನ ಗುಡಿಯ ತಮಿಳು ಶಾಸನವನ್ನು ಓದಬೇಕಾದರೆ ಲಿಪಿಜ್ಞಾನ, ಭಾಷಾಜ್ಞಾನಗಳಿದ್ದರೆ ಸಾಕು; ಕಲ್ಲಿಗೂ ಕಣ್ಣಿಗೂ ನಡುವೆ ಬೇರೊಂದು ಸಾಧನ ಬೇಕಾಗಿಲ್ಲ. ಆದರೆ ಕಳೆದ ಕಾಲು ಶತಮಾನದ ದಾಖಲೆಗಳಲ್ಲಿ ಹೆಚ್ಚಿನವು ಗಣಕಯಂತ್ರದ ಡಿಸ್ಕುಗಳನ್ನು ಸೇರಿವೆ. ಡಿಸ್ಕಿಗೂ ಓದುಗನಿಗೂ ನಡುವೆ ‘ಚಾಲಕ’ ಅಥವಾ ಡ್ರೈವರ್ ಎಂಬ ಕ್ರಮವಿಧಿಯೊಂದು ನಿಂತಿದೆ. ಅದರ ಇತಿಹಾಸವನ್ನು ಅರಿಯದೆ ಮುಂದಿನ ಚರಿತ್ರಕಾರನು ತನ್ನ ಆಧಾರಗಳನ್ನು ಮುಟ್ಟಲಾರನೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಚಾಲಕವೆಂದರೇನೆಂಬುದನ್ನು ನೋಡೋಣ. ಗಣಕಯಂತ್ರದ ಕೆಲಸವನ್ನೆಲ್ಲ ನಿಯಂತ್ರಿಸುವ ಕಾರ್ಯವ್ಯವಸ್ಥೆಯ ತಿರುಳಿಗೆ ‘ಕರ್ನಲ್’ ಎಂದು ಹೆಸರು. ಡಿಸ್ಕುಗಳಾದರೋ ನಾನಾ ಕಂಪನಿಗಳವು, ನಾನಾ ರಚನೆಯವು. ಕರ್ನಲ್ ಹೇಳುವ ಸಾಮಾನ್ಯವಾದ ಮಾತನ್ನು ಆಯಾ ಡಿಸ್ಕಿಗೆ ತಿಳಿಯುವ ವಿಶೇಷ ಮಾತಾಗಿ ಮಾರ್ಪಡಿಸುವುದೇ ಚಾಲಕದ ಕೆಲಸ. ಹಿಂದೆ ರೈತನು ಸರ್ವೆ ನಂಬರನ್ನು ಹೇಳಿದರೆ ಶಾನುಭೋಗರು ಅದು ಯಾವ ಕಡತದ ಯಾವ ಹಾಳೆಯಲ್ಲಿದೆಯೆಂದು ಕಂಡುಹಿಡಿದು ಓದಿ ಹೇಳುತ್ತಿದ್ದರಷ್ಟೆ. ಚಾಲಕದ ಕಾರ್ಯವೂ ಅದೇ ಬಗೆಯದು.

ಯೂನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಪ್ರಯತ್ನದಿಂದ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಹುಟ್ಟಿತು. 1973ರಲ್ಲಿ ಅದರ ಕರ್ನಲನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಸಾಧನವನ್ನೂ ಒಂದು ಫೈಲೆಂದೇ ಭಾವಿಸುವುದು ಈ ವ್ಯವಸ್ಥೆಯ ವೈಶಿಷ್ಟ್ಯ. ಡಿಸ್ಕಾಗಲಿ ಟೇಪಾಗಲಿ ಮುದ್ರಣಯಂತ್ರವಾಗಲಿ, ಎಲ್ಲಕ್ಕೂ ‘ಡೆವ್’ ಎಂಬ ಕೋಶದಲ್ಲಿ ಒಂದೊಂದು ಹೆಸರು. ತೆರೆಯುವುದು, ಓದುವುದು, ಬರೆಯುವುದು, ಮುಚ್ಚುವುದು ಎಲ್ಲಕ್ಕೂ ಒಂದೇ ರೀತಿ. ಸಾಧನಗಳ ವೈವಿಧ್ಯವೆಲ್ಲ ಚಾಲಕದ ಒಳಗೇ ಅಡಗಿತು.

1975ರ ಆರನೆಯ ಆವೃತ್ತಿಯಲ್ಲಿ ಆರ್‌ಕೆ05 ಎಂಬ ಡಿಸ್ಕಿನ ಚಾಲಕವನ್ನು ಉದಾಹರಣೆಗಾಗಿ ನೋಡಬಹುದು. ಆ ಡಿಸ್ಕನ್ನು ಯೂನಿಕ್ಸ್ 512 ಬೈಟುಗಳ 4872 ಖಂಡಗಳ ಸಾಲಾಗಿ, ಎಂದರೆ ಸುಮಾರು 25 ಲಕ್ಷ ಬೈಟುಗಳ ಸ್ಥಳವಾಗಿ, ಕಾಣುತ್ತಿತ್ತು. ವಾಸ್ತವದಲ್ಲಿ ಅಲ್ಲಿದ್ದುದು ಎರಡು ಮುಖಗಳ ತಿರುಗುವ ತಟ್ಟೆ. ಅದರ ಪ್ರತಿಯೊಂದು ವೃತ್ತದಲ್ಲಿಯೂ 12 ವಿಭಾಗಗಳು. ಕರ್ನಲ್ 100ನೆಯ ಖಂಡವನ್ನು ಕೇಳಿತೆನ್ನಿ. ಚಾಲಕವು 100ನ್ನು 12ರಿಂದ ಭಾಗಿಸಿ, ಭಾಗಲಬ್ಧ 8, ಶೇಷ 4 ಎಂದು ಕಂಡು, ಎಂಟನೆಯ ವೃತ್ತದ ನಾಲ್ಕನೆಯ ವಿಭಾಗವೆಂದು ಗೊತ್ತುಮಾಡುವುದು. ಎಣಿಕೆಯೆಲ್ಲ ಸೊನ್ನೆಯಿಂದ ಆರಂಭವಾಗುವುದರಿಂದಲೂ ಮುಖಗಳು ಎರಡಾದುದರಿಂದಲೂ ಅದು ನಾಲ್ಕನೆಯ ಸ್ಥಾನದಲ್ಲಿ ಮೊದಲ ಮುಖದ ಮೇಲೆ ಬೀಳುತ್ತದೆ. ಕೇಳಿದವನಿಗೆ ಈ ಲೆಕ್ಕದ ಗೊಡವೆಯಿಲ್ಲ.

ಹೊಸ ಡಿಸ್ಕೊಂದನ್ನು ಸೇರಿಸುವುದು ಮಾತ್ರ ಆಗ ಸುಲಭವಾಗಿರಲಿಲ್ಲ. ಚಾಲಕವನ್ನು ಸಿ ಭಾಷೆಯಲ್ಲಿ ಬರೆದು, ಅದರ ಕಾರ್ಯಗಳ ಹೆಸರುಗಳನ್ನು ಕರ್ನಲಿನ ಒಂದು ಪಟ್ಟಿಯಲ್ಲಿ ನಮೂದಿಸಬೇಕು. ಪಟ್ಟಿಯಲ್ಲಿ ಅದು ಎಷ್ಟನೆಯದೆಂಬುದೇ ‘ಪ್ರಧಾನ ಸಂಖ್ಯೆ’. ಒಂದೇ ಜಾತಿಯ ಡಿಸ್ಕುಗಳಲ್ಲಿ ಯಾವುದೆಂಬುದನ್ನು ಹೇಳುವುದು ‘ಉಪಸಂಖ್ಯೆ’. ಬಳಿಕ ಕರ್ನಲನ್ನೆಲ್ಲ ಪುನಃ ಜೋಡಿಸಿ ಯಂತ್ರವನ್ನು ಹೊಸದಾಗಿ ಆರಂಭಿಸಬೇಕು. ಹೊಸದು ಏಳದೆ ಹೋದರೆ ಗತಿಯೇನೆಂದು, ಎಚ್ಚರವುಳ್ಳವರು ಹಳೆಯ ಕರ್ನಲನ್ನು ಬೇರೆ ಹೆಸರಿನಿಂದ ಉಳಿಸಿಕೊಳ್ಳುವರು. ಆಮೇಲೆ ‘ಎಂಕೆನೋಡ್’ ಆಜ್ಞೆಯಿಂದ ಆ ಎರಡು ಸಂಖ್ಯೆಗಳಿಗೆ ಒಂದು ಹೆಸರನ್ನಿಟ್ಟು, ‘ಎಂಕೆಎಫ್ಎಸ್’ ಆಜ್ಞೆಯಿಂದ ಬರಿಯ ಡಿಸ್ಕಿನ ಮೇಲೆ ಫೈಲುಗಳ ವ್ಯವಸ್ಥೆಯನ್ನು ರಚಿಸಿ, ‘ಮೌಂಟ್’ ಆಜ್ಞೆಯಿಂದ ಅದನ್ನು ಮೂಲವೃಕ್ಷಕ್ಕೆ ಸೇರಿಸುವುದು. ಈ ಮಾರ್ಗವು ಶ್ರಮದ್ದಾದರೂ ಅದರಲ್ಲಿ ಒಂದು ಗುಣವಿತ್ತು: ಚಾಲಕವನ್ನು ಸ್ಥಾಪಿಸುವವನಿಗೆ ಅದರ ಮೂಲಪಾಠ ಕಣ್ಣೆದುರಿಗೇ ಇರುತ್ತಿತ್ತು.

ಮುಂದೆ ಈ ಶ್ರಮವನ್ನು ತಗ್ಗಿಸುವ ಉಪಾಯಗಳು ಬಂದುವು. ಯೂನಿಕ್ಸನ್ನು ಅನುಸರಿಸಿ 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ, 1995ರ ಹೊತ್ತಿಗೆ, ಯಂತ್ರವು ನಡೆಯುತ್ತಿರುವಾಗಲೇ ಚಾಲಕವನ್ನು ಬಿಡಿಭಾಗದಂತೆ ಸೇರಿಸಲು ಸಾಧ್ಯವಾಯಿತು. ಇದರಿಂದ ಒಂದು ವಿಚಿತ್ರ ತೊಡಕೂ ಹುಟ್ಟಿತು. ಡಿಸ್ಕನ್ನು ಓದಲು ಚಾಲಕ ಬೇಕು. ಚಾಲಕವಿರುವುದು ಅದೇ ಡಿಸ್ಕಿನೊಳಗೆ! ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತಾಯಿತು. ಆದುದರಿಂದ ಆರಂಭದಲ್ಲಿಯೇ ಕರ್ನಲಿನೊಡನೆ ಅವಶ್ಯವಾದ ಚಾಲಕಗಳ ಸಣ್ಣ ಗಂಟೊಂದನ್ನು ಸ್ಮೃತಿಗೆ ತಂದುಕೊಂಡು, ಅದರ ಬಲದಿಂದ ನಿಜವಾದ ಡಿಸ್ಕನ್ನು ತೆರೆಯುವ ಪದ್ಧತಿ ಬಳಕೆಗೆ ಬಂತು.

ಇನ್ನು ನಮ್ಮ ಸೀಮೆಗೆ ಬರೋಣ. ವಂಶಪಾರಂಪರ್ಯವಾದ ಶಾನುಭೋಗಿಕೆಯು 1961ರ ಗ್ರಾಮಾಧಿಕಾರ ರದ್ದತಿಯ ಕಾಯಿದೆಯಿಂದ 1963ರಲ್ಲಿ ಕೊನೆಗೊಂಡು, ಲೆಕ್ಕಪತ್ರಗಳು ಸರ್ಕಾರದ ಗ್ರಾಮಲೆಕ್ಕಿಗರ ಕೈಸೇರಿದುವು. ಆಮೇಲಿನ ದೊಡ್ಡ ಪಲ್ಲಟವೆಂದರೆ ‘ಭೂಮಿ’ ಯೋಜನೆ. ರಾಜ್ಯದ ಸುಮಾರು 67 ಲಕ್ಷ ಭೂಮಾಲಿಕರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿ, 2002ರ ವೇಳೆಗೆ ಅಂದಿನ 177 ತಾಲ್ಲೂಕುಗಳಲ್ಲಿಯೂ 15 ರೂಪಾಯಿ ತೆತ್ತ ರೈತನಿಗೆ ಪಹಣಿಯ ಪ್ರತಿ ದೊರೆಯುವಂತಾಯಿತು. ನಮ್ಮ ನಾಲ್ಕು ತಾಲ್ಲೂಕುಗಳೂ ಅವುಗಳಲ್ಲಿ ಸೇರಿದ್ದುವು. ಭೂಮಿಯ ಆರಂಭದ ತಾಲ್ಲೂಕು ಯಂತ್ರಗಳು ನಡೆದುದು ಯೂನಿಕ್ಸಿನಿಂದಲ್ಲ, ವಿಂಡೋಸಿನಿಂದ. ಆದರೂ ಅಲ್ಲಿಯೂ ಡಿಸ್ಕಿಗೊಂದು ಚಾಲಕ ಬೇಕೇ ಬೇಕು. ಇಂದು ಮುಳಬಾಗಿಲಿನ ರೈತನು ಆಂಡ್ರಾಯ್ಡ್ ಫೋನಿನಲ್ಲಿ ತನ್ನ ಪಹಣಿಯನ್ನು ನೋಡುವಾಗ ಅವನ ಅಂಗೈಯಲ್ಲಿ ಕೆಲಸಮಾಡುವುದು ಲಿನಕ್ಸ್ ಕರ್ನಲೇ.

ಕೋಲಾರ ತಾಲ್ಲೂಕಿನ ನರಸಾಪುರದ ಸಂಗತಿಯು ಇನ್ನೂ ಹತ್ತಿರದ್ದು. ಅಲ್ಲಿ 2020ರಲ್ಲಿ ವಿಸ್ಟ್ರಾನ್ ಸಂಸ್ಥೆಯ ಕಾರ್ಖಾನೆಯು ಐಫೋನುಗಳನ್ನು ಜೋಡಿಸತೊಡಗಿತು. 2023ರಲ್ಲಿ ಅದು ಟಾಟಾ ಸಂಸ್ಥೆಯ ವಶಕ್ಕೆ ಬಂತು. ಆ ಫೋನಿನ ಕಾರ್ಯವ್ಯವಸ್ಥೆಯು ಯೂನಿಕ್ಸಿನ ಬರ್ಕ್ಲಿ ಶಾಖೆಯಿಂದ ಬಹಳಷ್ಟನ್ನು ಪಡೆದ ಡಾರ್ವಿನ್ ಎಂಬ ಮೂಲದ್ದು. ಬೆಲ್ ಪ್ರಯೋಗಾಲಯದ ಒಂದು ಪರಂಪರೆ ಹೀಗೆ ಕೋಲಾರದ ರಸ್ತೆಯವರೆಗೆ ಹರಿದುಬಂದಿದೆ. ಅದರ ಕರ್ನಲಿನ ಮೂಲಪಾಠ ಪ್ರಕಟವಾಗಿದ್ದರೂ ಫೋನಿನ ಸಂಗ್ರಹಚಾಲಕದ ಮೂಲಪಾಠ ಪ್ರಕಟವಾಗಿಲ್ಲ. ಚಾಲಕವನ್ನು ಸ್ಥಾಪಿಸುವ ಕ್ರಿಯೆಯೇ ಬಳಸುವವನ ಕಣ್ಣಿಗೆ ಬೀಳದಂತೆ ಮರೆಯಾಗಿದೆ. ಸೌಕರ್ಯ ಹೆಚ್ಚಿತು, ಅರಿವಿನ ದಾರಿ ಕಿರಿದಾಯಿತು.

ಚರಿತ್ರಕಾರನಿಗೆ ಇದರಿಂದೇನು? ನಮ್ಮ ನಾಡಿನ ಹಳೆಯ ಆಡಳಿತದ ಮೋಡಿ ಲಿಪಿಯ ಕಾಗದಗಳನ್ನು ನೆನೆದರೆ ಉತ್ತರ ದೊರೆಯುತ್ತದೆ. ಕಾಗದವಿದೆ, ಮಸಿ ಮಾಸಿಲ್ಲ. ಓದಬಲ್ಲವರು ಮಾತ್ರ ವಿರಳ. ಚಾಲಕವಿಲ್ಲದ ಡಿಸ್ಕಿನ ಸ್ಥಿತಿ ಇದಕ್ಕಿಂತ ಕಷ್ಟದ್ದು; ಲಿಪಿಯನ್ನು ಅಭ್ಯಾಸದಿಂದ ಕಲಿಯಬಹುದು, ತಟ್ಟೆಯ ಕಾಂತಚಿಹ್ನೆಗಳು ಬರಿಗಣ್ಣಿಗೆ ಕಾಣವು. ಮೂಲಪಾಠ ಉಳಿದಲ್ಲಿ ಆಸೆಯೂ ಉಳಿಯುತ್ತದೆ. 1972ರ ಯೂನಿಕ್ಸ್ ಕರ್ನಲಿನ ಮುದ್ರಿತ ಪಾಠವೊಂದರಿಂದ ಆಸಕ್ತರು 2008ರಲ್ಲಿ ಆ ಕರ್ನಲನ್ನು ಪುನಃ ನಡೆಸಿ ತೋರಿಸಿದರು. ಅದನ್ನು ಉಳಿಸಿದುದು ಕಾಗದ. 1990ರ ದಶಕದ ಐಡಿಇ ಡಿಸ್ಕುಗಳ ಹಳೆಯ ಚಾಲಕಗಳನ್ನು 2021ರಲ್ಲಿ ಲಿನಕ್ಸಿನಿಂದ ತೆಗೆದರೂ, ಅದೇ ಡಿಸ್ಕುಗಳನ್ನು ಅದರ ಬೇರೆ ಚಾಲಕಗಳು ಓದುತ್ತವೆ. ತೆಗೆದುಹಾಕಿದ ಪಾಠವೂ ಹಿಂದಿನ ಆವೃತ್ತಿಗಳಲ್ಲಿ ಲಭ್ಯವಿದೆ. ವಿಂಡೋಸ್ ಬರೆದ ಡಿಸ್ಕನ್ನೂ ಲಿನಕ್ಸ್ ಓದಬಲ್ಲುದು.

ಆದುದರಿಂದ ತಾಲ್ಲೂಕು ಕಛೇರಿಯ ಹಳೆಯ ಡಿಸ್ಕಾಗಲಿ, ಕಾಲೇಜಿನ ಹಳೆಯ ಗಣಕವಾಗಲಿ ಗುಜರಿಗೆ ಹೋಗುವ ಮುನ್ನ ನಾಲ್ಕು ಕೆಲಸಗಳು ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಡಿಸ್ಕಿನ ಮೊದಲ ಖಂಡದಿಂದ ಕೊನೆಯ ಖಂಡದವರೆಗೆ ಯಥಾಪ್ರತಿ ತೆಗೆಯುವುದು. ಡಿಸ್ಕಿನ ಜಾತಿ, ಫೈಲುವ್ಯವಸ್ಥೆ, ದತ್ತಸಂಚಯ ಇವುಗಳ ಹೆಸರು ಮತ್ತು ಆವೃತ್ತಿಯನ್ನು ಕಾಗದದ ಮೇಲೆ ಬರೆದಿಡುವುದು. ಅವನ್ನು ಓದಬಲ್ಲ ಚಾಲಕದ ಮೂಲಪಾಠವನ್ನು ಜೊತೆಗಿರಿಸುವುದು. ಕೆಲವು ವರ್ಷಗಳಿಗೊಮ್ಮೆ ತೆರೆದು ಓದಿ ಪರೀಕ್ಷಿಸುವುದು. ಶಾಸನದ ಅಚ್ಚುಪ್ರತಿ ತೆಗೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಇತಿಹಾಸ ವಿಭಾಗಗಳು ಇದನ್ನೂ ಕಲಿಸುವುದು ಉಚಿತ. ದಾಖಲೆ ಇರುವುದು ಬೇರೆ, ದೊರೆಯುವುದು ಬೇರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ನೂರು ವರ್ಷಗಳ ಮೇಲೆ ಒಬ್ಬರು ಕೇಳಿದಾಗ ಉತ್ತರ ಹೊರಡುವುದೋ ಇಲ್ಲವೋ ಎಂಬುದು, ಇಂದು ನಾವು ಡಿಸ್ಕಿನೊಡನೆ ಅದರ ಚಾಲಕವನ್ನೂ ಕಾಪಾಡುವೆವೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ.