ಎಸ್‌ಯು ಕಾರ್ಬುರೇಟರ್‌ನ ದೋಷನಿವಾರಣೆ

ಎಸ್‌ಯು ಕಾರ್ಬುರೇಟರ್ ಇಪ್ಪತ್ತನೆಯ ಶತಮಾನದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬಳಕೆಯಲ್ಲಿದ್ದ ಇಂಧನ ಮಿಶ್ರಣ ಸಾಧನ. ಹಳೆಯ ಕಾರುಗಳಲ್ಲಿ ಇದನ್ನು ಪೂರ್ತಿಯಾಗಿ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮರುಜೋಡಿಸುವುದು ವಾಡಿಕೆ. ಹೀಗೆ ಮರುಜೋಡಿಸಿದ ನಂತರವೂ ಎಂಜಿನ್ ಸರಿಯಾಗಿ ಓಡದಿದ್ದಾಗ ಕಾರಣವನ್ನು ಕ್ರಮವಾಗಿ ಪತ್ತೆಹಚ್ಚುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಇದನ್ನು ಇಂಗ್ಲೆಂಡಿನ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ರೂಪಿಸಿದರು. ಅವರ ಸಹೋದರ ಥಾಮಸ್ ಕಾರ್ಲೈಲ್ ಸ್ಕಿನ್ನರ್ ಈ ಕಾರ್ಯದಲ್ಲಿ ಜೊತೆಗಾರರಾಗಿದ್ದರು. 1910ರಲ್ಲಿ ಕಂಪನಿ ಸ್ಥಾಪನೆಯಾಯಿತು. ‘ಎಸ್‌ಯು’ ಎಂಬುದು ‘ಸ್ಕಿನ್ನರ್ಸ್ ಯೂನಿಯನ್’ ಎಂಬುದರ ಸಂಕ್ಷಿಪ್ತ ರೂಪ. 1926ರಲ್ಲಿ ವಿಲಿಯಂ ಮಾರಿಸ್ ಕಂಪನಿಯನ್ನು ಕೊಂಡುಕೊಂಡರು. ಮಾರಿಸ್ ಮೈನರ್, ಮಿನಿ, ಎಂಜಿಬಿ, ಜಾಗ್ವಾರ್ ಮುಂತಾದ ಕಾರುಗಳಲ್ಲಿ ಇದರ ವಿವಿಧ ಮಾದರಿಗಳಿದ್ದವು. ಭಾರತದ ಅಂಬಾಸಿಡರ್ ಕಾರಿಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಲ್ಲಿಯೂ ಇದೇ ಕಾರ್ಬುರೇಟರ್ ಇತ್ತು.

ಕಾರ್ಯವಿಧಾನ

ಎಂಜಿನ್ ಎಳೆದುಕೊಳ್ಳುವ ಗಾಳಿಯ ಪ್ರಮಾಣಕ್ಕೆ ತಕ್ಕಂತೆ ಇದರ ಪಿಸ್ಟನ್ ಮೇಲೇರುತ್ತದೆ, ಇಳಿಯುತ್ತದೆ. ಪಿಸ್ಟನ್ನಿನ ತಳದಲ್ಲಿ ತುದಿಯತ್ತ ಸಪೂರವಾಗುತ್ತ ಹೋಗುವ ಸೂಜಿಯಿದ್ದು, ಅದು ಜೆಟ್ಟಿನ ರಂಧ್ರದೊಳಗೆ ಚಲಿಸುತ್ತದೆ. ಪಿಸ್ಟನ್ ಏರಿದಷ್ಟೂ ಜೆಟ್ಟಿನ ತೆರವು ಹೆಚ್ಚಿ, ಹೆಚ್ಚು ಪೆಟ್ರೋಲ್ ಹೊರಬರುತ್ತದೆ. ಪಿಸ್ಟನ್ ದಂಡದ ಟೊಳ್ಳಿನಲ್ಲಿರುವ ಎಣ್ಣೆಯು ಅದು ಹಠಾತ್ತನೆ ಮೇಲಕ್ಕೆ ಹಾರದಂತೆ ತಡೆಯುತ್ತದೆ. ಆದ್ದರಿಂದ ಪಿಸ್ಟನ್ನಿನ ಸರಾಗ ಚಲನೆಯೇ ಈ ಸಾಧನದ ಜೀವಾಳ.

ಪ್ರಾಥಮಿಕ ತಪಾಸಣೆ

ಕಾರ್ಬುರೇಟರ್ ಅನ್ನು ಈಗಷ್ಟೇ ಬಿಚ್ಚಿ ಜೋಡಿಸಿದ್ದರೆ ಎಲ್ಲ ದೋಷವೂ ಅದರದೇ ಎಂದು ಭಾವಿಸುವುದು ಸಹಜ. ಆದರೆ ಸ್ಪಾರ್ಕ್ ಪ್ಲಗ್, ಕಾಂಟ್ಯಾಕ್ಟ್ ಪಾಯಿಂಟ್, ಇಗ್ನಿಷನ್ ಟೈಮಿಂಗ್ ಮತ್ತು ವಾಲ್ವುಗಳ ಅಂತರ ಸರಿಯಿಲ್ಲದಿದ್ದರೂ ಇವೇ ಲಕ್ಷಣಗಳು ಕಾಣಿಸುತ್ತವೆ. ಇವನ್ನು ಮೊದಲು ಸರಿಪಡಿಸದೆ ಮಿಶ್ರಣವನ್ನು ಹೊಂದಿಸಿದರೆ ಒಂದು ದೋಷವು ಇನ್ನೊಂದನ್ನು ಮರೆಮಾಚುತ್ತದೆ.

ಸಾಮಾನ್ಯ ದೋಷಗಳು

ಪೆಟ್ರೋಲ್ ಉಕ್ಕುವುದು: ಫ್ಲೋಟ್ ಚೇಂಬರಿನ ಸೂಜಿ ಕವಾಟದಲ್ಲಿ ಕಸ ಸಿಕ್ಕಿರಬಹುದು, ಫ್ಲೋಟಿನ ಮಟ್ಟ ತಪ್ಪಿರಬಹುದು ಅಥವಾ ಫ್ಲೋಟಿನಲ್ಲಿ ಸಣ್ಣ ರಂಧ್ರವಿರಬಹುದು. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿಸಿದರೆ ಅದನ್ನು ಬದಲಿಸಬೇಕು. ಮಾರಿಸ್ ಮೈನರ್, ಎಂಜಿಬಿ ಮುಂತಾದ ಕಾರುಗಳ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಬದಿಯಲ್ಲಿರುವುದರಿಂದ ಈ ಸೋರಿಕೆಯು ಬೆಂಕಿಗೆ ಕಾರಣವಾಗಬಲ್ಲದು. ಸೋರಿಕೆ ನಿಲ್ಲುವವರೆಗೆ ಎಂಜಿನ್ ಚಾಲೂ ಮಾಡಬಾರದು.

ಪಿಸ್ಟನ್ ಅಂಟಿಕೊಳ್ಳುವುದು: ಪಿಸ್ಟನ್ನನ್ನು ಎತ್ತಿ ಬಿಟ್ಟಾಗ ಅದು ತಡೆಯಿಲ್ಲದೆ ಕೆಳಗಿಳಿದು ‘ಟಕ್’ ಎಂದು ಸದ್ದು ಮಾಡಬೇಕು. ಜೆಟ್ಟನ್ನು ಪೂರ್ತಿ ಮೇಲಕ್ಕೆ ತಂದು ಒಮ್ಮೆ, ಪೂರ್ತಿ ಕೆಳಕ್ಕಿಳಿಸಿ ಇನ್ನೊಮ್ಮೆ ಪರೀಕ್ಷಿಸಬೇಕು. ಎರಡನೆಯ ಬಾರಿ ಮಾತ್ರ ಸದ್ದು ಸ್ಪಷ್ಟವಾಗಿದ್ದರೆ ಸೂಜಿಯು ಜೆಟ್ಟಿಗೆ ತಾಗುತ್ತಿದೆಯೆಂದು ಅರ್ಥ. ಆಗ ಜೆಟ್ಟನ್ನು ಮಧ್ಯಕ್ಕೆ ಹೊಂದಿಸಬೇಕು. ಸ್ಪ್ರಿಂಗ್ ಒತ್ತಡದ ಸೂಜಿಯಿರುವ ನಂತರದ ಮಾದರಿಗಳಿಗೆ ಈ ಹೊಂದಾಣಿಕೆ ಬೇಕಿಲ್ಲ. ಪಿಸ್ಟನ್ ಮತ್ತು ಅದರ ಮೇಲ್ಕವಚವು ಜೋಡಿಯಾಗಿ ತಯಾರಾದವು. ಎರಡು ಕಾರ್ಬುರೇಟರ್‌ಗಳನ್ನು ಒಟ್ಟಿಗೆ ಬಿಚ್ಚಿದಾಗ ಇವು ಅದಲುಬದಲಾದರೂ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

ಐಡ್ಲಿಂಗ್ ವೇಗ ಇಳಿಯದಿರುವುದು: ಗ್ಯಾಸ್ಕೆಟ್‌ಗಳ ಮೂಲಕ ಅಥವಾ ಸವೆದ ಥ್ರಾಟಲ್ ದಂಡದ ಸುತ್ತ ಗಾಳಿ ನುಸುಳುವುದು ಇದಕ್ಕೆ ಮುಖ್ಯ ಕಾರಣ. ಗ್ಯಾಸ್ಕೆಟ್ ಮತ್ತು ಸೀಲುಗಳಷ್ಟೇ ಇರುವ ರಿಪೇರಿ ಕಿಟ್ ಬಳಸಿ ಥ್ರಾಟಲ್ ದಂಡವನ್ನು ಹಾಗೆಯೇ ಬಿಟ್ಟರೆ, ಹೊಸದಾಗಿ ಕಾಣುವ ಕಾರ್ಬುರೇಟರಿನಲ್ಲೂ ಹಳೆಯ ದೋಷ ಉಳಿಯುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸುವುದು: ಪಿಸ್ಟನ್ ದಂಡದಲ್ಲಿ ಎಣ್ಣೆ ಇಲ್ಲದಿರುವುದು ಅಥವಾ ತೀರ ತೆಳುವಾಗಿರುವುದು ಸಾಮಾನ್ಯ ಕಾರಣ. ಎಸ್‌ಎಇ 20 ದರ್ಜೆಯ ಎಂಜಿನ್ ಎಣ್ಣೆ ಇದಕ್ಕೆ ಸೂಕ್ತ.

ಮಿಶ್ರಣದ ಪರೀಕ್ಷೆ

ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿರುವಾಗ ಪಿಸ್ಟನ್ನನ್ನು ಸುಮಾರು 1 ಮಿ.ಮೀ.ಗಿಂತ ಕಡಿಮೆ ಎತ್ತಿ ನೋಡಬೇಕು.

• ವೇಗವು ಹೆಚ್ಚಿ ಹಾಗೆಯೇ ಉಳಿದರೆ: ಪೆಟ್ರೋಲ್ ಹೆಚ್ಚಾಗಿದೆ.
• ವೇಗವು ತಕ್ಷಣ ಕುಸಿದರೆ: ಪೆಟ್ರೋಲ್ ಕಡಿಮೆಯಾಗಿದೆ.
• ವೇಗವು ಕ್ಷಣಕಾಲ ತುಸು ಏರಿ ಮತ್ತೆ ಮೊದಲಿನಂತಾದರೆ: ಮಿಶ್ರಣ ಸರಿಯಾಗಿದೆ.

ಎಚ್ ಮತ್ತು ಎಚ್‌ಎಸ್ ಮಾದರಿಗಳಲ್ಲಿ ಜೆಟ್ಟಿನ ನಟ್ಟನ್ನು ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚುತ್ತದೆ, ಮೇಲೇರಿಸಿದರೆ ಕಡಿಮೆಯಾಗುತ್ತದೆ. ಪ್ರತಿ ಬಾರಿ ನಟ್ಟಿನ ಒಂದು ಮುಖದಷ್ಟು ಮಾತ್ರ ತಿರುಗಿಸಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿಯ ತಿಳಿಗಂದು ಬಣ್ಣ ಸರಿಯಾದ ಮಿಶ್ರಣದ ಕುರುಹು. ಕಪ್ಪು ಮಸಿಯು ಪೆಟ್ರೋಲ್ ಹೆಚ್ಚಿರುವುದನ್ನೂ ಬಿಳಿಚಿದ ಬಣ್ಣವು ಕಡಿಮೆಯಿರುವುದನ್ನೂ ಸೂಚಿಸುತ್ತವೆ. ಪೆಟ್ರೋಲ್ ಕಡಿಮೆಯಾದ ಮಿಶ್ರಣದಲ್ಲಿ ಬಹುಕಾಲ ಓಡಿಸಿದರೆ ಎಕ್ಸಾಸ್ಟ್ ವಾಲ್ವುಗಳು ಸುಟ್ಟುಹೋಗುವ ಅಪಾಯವಿದೆ. ಚೋಕ್ ಕೇಬಲ್ ಪೂರ್ತಿ ಹಿಂದಿರುಗದಿದ್ದರೆ ಜೆಟ್ ಕೆಳಗೇ ಉಳಿಯುವುದರಿಂದ, ಅದನ್ನು ಮೊದಲೇ ಪರಿಶೀಲಿಸುವುದು ಒಳಿತು.

ಎರಡು ಕಾರ್ಬುರೇಟರ್‌ಗಳಿರುವ ಎಂಜಿನ್ನಿನಲ್ಲಿ ಮೊದಲು ಎರಡರ ಗಾಳಿಯ ಸೆಳೆತವನ್ನು ಸಮಗೊಳಿಸಿ, ಅನಂತರ ಮಿಶ್ರಣವನ್ನು ಹೊಂದಿಸಬೇಕು. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಗಾಳಿಯ ದ್ವಾರಕ್ಕೂ ಹಿಡಿದು, ಎರಡರ ಸದ್ದನ್ನು ಹೋಲಿಸುವುದು ಹಳೆಯ ಪದ್ಧತಿ.

ಎಥನಾಲ್ ಮಿಶ್ರಿತ ಪೆಟ್ರೋಲ್

ಭಾರತದಲ್ಲಿ ಈಗ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ವ್ಯಾಪಕವಾಗಿ ದೊರೆಯುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಹೊಂದಾಣಿಕೆಯಲ್ಲಿ ಇಂಧನದ ಪಾಲು ಸಾಲದಾಗುತ್ತದೆ. ಜೆಟ್ಟನ್ನು ತುಸು ಇಳಿಸಬೇಕಾಗಬಹುದು. ಹಳೆಯ ಕಾಲದ ರಬ್ಬರ್ ನಳಿಕೆಗಳನ್ನೂ ಸೀಲುಗಳನ್ನೂ ಎಥನಾಲ್ ಹಾಳುಮಾಡಬಲ್ಲದು. ಆದ್ದರಿಂದ ಮರುಜೋಡಣೆಯ ಸಂದರ್ಭದಲ್ಲಿ ಎಥನಾಲ್ ತಾಳಿಕೊಳ್ಳುವ ಬಿಡಿಭಾಗಗಳನ್ನೇ ಬಳಸುವುದು ಸೂಕ್ತ.