ಮಾನ್ಯದಿಂದ ಮಾಸಾಶನಕ್ಕೆ: ಹಾಸನ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ವೃದ್ಧಪೋಷಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳ ಇತಿಹಾಸವನ್ನು ಕುರಿತು ನಮ್ಮ ವಿದ್ವಾಂಸರು ಬರೆದಿರುವುದು ಕಡಮೆಯೇನಲ್ಲ. ಬಸದಿ, ದೇವಾಲಯ, ವೀರಗಲ್ಲು, ಪಾಳೆಯಪಟ್ಟು ಇವುಗಳ ವಿಚಾರವಾಗಿ ಗ್ರಂಥಗಳೇ ಇವೆ. ಆದರೆ ದುಡಿಯುವ ಶಕ್ತಿ ಉಡುಗಿದ ಮುದುಕರಿಗೆ ಅನ್ನವು ಎಲ್ಲಿಂದ ಬರುತ್ತಿದ್ದಿತು, ಆ ಹೊಣೆಯಲ್ಲಿ ಆಳುವವರು ಯಾವ ಭಾಗವನ್ನು ವಹಿಸಿಕೊಂಡಿದ್ದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯ ಒಂದು ಎಳೆಯನ್ನು ಮಾತ್ರ ಹಿಡಿದು ನಡೆಯಲು ನಾವು ಬಯಸುತ್ತೇವೆ. ಸರ್ಕಾರದ ಕಾಗದಪತ್ರಗಳಲ್ಲಿ ವೃದ್ಧನು ಸಹಾಯಕ್ಕೆ ಅರ್ಹನೋ ಅಲ್ಲವೋ ಎಂಬುದನ್ನು ಅವನ ಹಸಿವಿನಿಂದ ನಿರ್ಣಯಿಸುವುದಕ್ಕಿಂತ ಹೆಚ್ಚಾಗಿ ಅವನಿಗೆ ಮಗನಿದ್ದಾನೆಯೇ ಎಂಬುದರಿಂದ ನಿರ್ಣಯಿಸುತ್ತ ಬಂದಿರುವುದೇ ಆ ಎಳೆ.

ಪ್ರಾಚೀನವಾದ ಆಧಾರಗಳು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದೊರೆಯುತ್ತವೆ. ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದ ಸುಮಾರಿನಿಂದ ಕೊರೆದ ನಿಸಿದಿ ಶಾಸನಗಳು ಸಲ್ಲೇಖನ ವಿಧಿಯಿಂದ ದೇಹವನ್ನು ಬಿಟ್ಟವರ ಹೆಸರುಗಳನ್ನು ಹೇಳುತ್ತವೆ. ಇವನ್ನು ಮೇಲಿಂದ ಮೇಲೆ ಓದಿದವರು, ಮುಪ್ಪಾದ ಮುನಿಗಳನ್ನು ಬೆಟ್ಟದ ಮೇಲೆ ಬಿಟ್ಟುಬಿಡುತ್ತಿದ್ದರೆಂದು ಭಾವಿಸುವುದುಂಟು. ಅದು ಸರಿಯಲ್ಲ. ವ್ರತ ಹಿಡಿದವನ ಪಕ್ಕದಲ್ಲಿ ಕೊನೆಯವರೆಗೆ ಇರತಕ್ಕ ನಿರ್ಯಾಪಕರನ್ನು ಜೈನಾಗಮವು ವಿಧಿಸುತ್ತದೆ. ವೃದ್ಧ ಮತ್ತು ರೋಗಿಗಳಾದ ಯತಿಗಳ ಸೇವೆಯನ್ನು ವೈಯಾವೃತ್ಯವೆಂದು ಕರೆದು ಆರು ಬಗೆಯ ಅಂತರಂಗ ತಪಸ್ಸುಗಳಲ್ಲಿ ಅದನ್ನೂ ಒಂದಾಗಿ ಎಣಿಸುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಿಗೆ ಅರಸರೂ ದಂಡನಾಯಕರೂ ಭೂಮಿಯನ್ನು ಬಿಟ್ಟರು. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು ಕಟ್ಟಿಸಿದ ಭಂಡಾರಿ ಬಸದಿಗೆ ಕ್ರಿ. ಶ. ೧೧೫೯ರಲ್ಲಿ ಸವಣೇರು ಗ್ರಾಮವು ದತ್ತಿಯಾದುದು ಪ್ರಸಿದ್ಧ ಸಂಗತಿ. ನಮಗೆ ತಿಳಿದಮಟ್ಟಿಗೆ ಈ ಸೀಮೆಯಲ್ಲಿ ಮುಪ್ಪಿನ ಸೇವೆಗೆ ಒಂದು ಕ್ರಮವೂ ಒಂದು ಹೆಸರೂ ಇದ್ದುದು ಮೊದಲು ಇಲ್ಲಿಯೇ. ಅದೂ ಮಕ್ಕಳನ್ನು ತೊರೆದು ಬಂದವರಿಗಾಗಿ ಎಂಬುದನ್ನು ವಾಚಕರು ಗಮನಿಸಬೇಕು.

ಗೃಹಸ್ಥನ ಮುಪ್ಪಿನ ಮಾತು ಬೇರೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ಹಕ್ಕು ಬಂದ ದಾರಿಯಲ್ಲಿಯೇ ಹೊಣೆಯೂ ಬಂದಿತು. ಮೈಸೂರು ಸೀಮೆಯ ಗ್ರಾಮವ್ಯವಸ್ಥೆಯು ಈ ಭಾವನೆಯ ಮೇಲೆಯೇ ನಿಂತಿದ್ದಿತು. ಶಾನುಭೋಗನಿಗೂ ಪಟೇಲನಿಗೂ ಮಾನ್ಯದ ಭೂಮಿ. ತೋಟಿ, ತಳವಾರ, ನೀರುಗಂಟಿಗಳಿಗೆ ಚಾಕರಿಯ ಇನಾಮು. ಬಡಗಿ ಕಮ್ಮಾರರಿಗೆ ಕಣದಲ್ಲಿ ಆಯ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಇವುಗಳಲ್ಲಿ ಒಂದೂ ವೃದ್ಧಾಪ್ಯಕ್ಕೆಂದು ಕೊಟ್ಟದ್ದಲ್ಲ. ಆದರೆ ಎಲ್ಲವೂ ವೃದ್ಧಾಪ್ಯವನ್ನು ಕಾಯುತ್ತಿದ್ದವು. ಶಾನುಭೋಗನ ಕಣ್ಣು ಮಂಜಾದಾಗ ಲೆಕ್ಕದ ಕಡತವು ಮಗನ ಕೈಗೆ ಹೋಗುತ್ತಿದ್ದಿತು, ಮಾನ್ಯವು ಮನೆಯಲ್ಲಿಯೇ ಉಳಿಯುತ್ತಿದ್ದಿತು. ಮುದುಕನ ಊಟವು ಯಾರ ದಯೆಯೂ ಆಗಿರದೆ ವೃತ್ತಿಯ ಫಲವಾಗಿದ್ದಿತು. ಇದನ್ನು ನೆನೆದು ಹಳೆಯ ಕಾಲವನ್ನು ಹೊಗಳುವವರ ಜತೆಗೆ ನಾವು ಸೇರುವುದಿಲ್ಲ. ಮಾನ್ಯವಿಲ್ಲದ ಗೇಣಿದಾರನೂ ಜೀತದಾಳೂ ಮುಪ್ಪಿನಲ್ಲಿ ಏನಾದರೆಂಬುದನ್ನು ಕಲ್ಲಿನ ಮೇಲೆ ಬರೆಸಿದವರು ಯಾರೂ ಇಲ್ಲ.

ಸರ್ಕಾರವು ವೃದ್ಧರನ್ನು ಪ್ರತ್ಯೇಕ ವರ್ಗವಾಗಿ ಕಾಣತೊಡಗಿದುದು ಕ್ಷಾಮದಿಂದ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದ ಭೀಕರತೆಗೆ ಜನಗಣತಿಯೇ ಸಾಕ್ಷಿ. ೧೮೭೧ರಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ೧೮೭೭ರಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯು ಕ್ಷಾಮ ಕಮಿಷನರಾಗಿ ಬಂದ ಮೇಲೆ, ಕೆಲಸ ಮಾಡಬಲ್ಲವರನ್ನು ಕಾಮಗಾರಿಗೂ ಮಾಡಲಾರದವರನ್ನು ಧರ್ಮಾರ್ಥ ಪರಿಹಾರಕ್ಕೂ ವಿಂಗಡಿಸುವ ಕ್ರಮವು ಬಲಗೊಂಡಿತು. ೧೮೮೦ರ ಕ್ಷಾಮ ಆಯೋಗದ ವರದಿಯೂ ಅದರ ತರುವಾಯ ಬಂದ ಕ್ಷಾಮ ಸಂಹಿತೆಗಳೂ ಇದನ್ನೇ ನಿಯಮವನ್ನಾಗಿ ಮಾಡಿದವು. ದುಡಿಯಲಾರದ ವೃದ್ಧರು, ಅಂಗವಿಕಲರು, ಅನಾಥರು ಇವರ ಪಟ್ಟಿಯನ್ನು ಗ್ರಾಮಾಧಿಕಾರಿಯು ತಯಾರಿಸತಕ್ಕದ್ದು; ಪೋಷಿಸಬಲ್ಲ ಬಂಧುಗಳುಳ್ಳವರನ್ನು ಅದರಲ್ಲಿ ಸೇರಿಸತಕ್ಕದ್ದಲ್ಲ. ಇಂದು ತಾಲ್ಲೂಕು ಕಚೇರಿಯಲ್ಲಿರುವ ಮಾಸಾಶನದ ಪಟ್ಟಿಯ ಮೂಲಪುರುಷನನ್ನು ಹುಡುಕುವವರು ಈ ಗಂಜಿಯ ಪಟ್ಟಿಯನ್ನು ನೋಡಬೇಕು. ಕಾಲ ಕೆಟ್ಟಾಗ ತೆರೆದು, ಮಳೆ ಬಿದ್ದೊಡನೆ ಮುಚ್ಚುತ್ತಿದ್ದ ಪಟ್ಟಿ ಅದು.

ಕ್ಷಾಮವಿಲ್ಲದ ಕಾಲದಲ್ಲಿ ಉಳಿದಿದ್ದವು ಛತ್ರಗಳು. ಮುಜರಾಯಿ ಇಲಾಖೆಯ ಆಡಳಿತಕ್ಕೊಳಪಟ್ಟ ದೇವಾಲಯ ಛತ್ರಗಳ ವಿಷಯವಾಗಿ ೧೯೨೭ರ ಕಾಯಿದೆಯು ಸ್ಪಷ್ಟವಾದ ನಿಯಮಗಳನ್ನು ಮಾಡಿತು. ಆದರೆ ಛತ್ರವು ದಾರಿಗನಿಗೆ ಅನ್ನವಿಡುವ ಸ್ಥಳವೇ ಹೊರತು ಮುಪ್ಪನ್ನು ಕಳೆಯುವ ಸ್ಥಳವಲ್ಲ. ಇನ್ನು ೧೯೪೪ರ ಮೈಸೂರು ಭಿಕ್ಷಾಟನೆ ನಿಷೇಧ ಕಾಯಿದೆಯು ಬೀದಿಗೆ ಬಿದ್ದ ಮುದುಕನನ್ನು ಕಂಡ ರೀತಿಯನ್ನು ಅದರ ಹೆಸರೇ ಹೇಳುತ್ತದೆ.

ಸ್ವಾತಂತ್ರ್ಯಾನಂತರದ ಎರಡು ದಶಕಗಳು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುವು. ೧೯೫೪ರಲ್ಲಿ ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ದಿಯಾತಿ, ೧೯೫೫ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ, ೧೯೬೧ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಎಂದು ಮೂರು ಕಾಯಿದೆಗಳು ಒಂದರ ಹಿಂದೊಂದು ಬಂದವು. ವಂಶಪಾರಂಪರ್ಯದ ಶಾನುಭೋಗಿಕೆ ಪಟೇಲಿಕೆಗಳು ಕೊನೆಗೊಂಡು ಸಂಬಳದ ಗ್ರಾಮಲೆಕ್ಕಿಗನು ಬಂದನು. ಇವೆಲ್ಲ ನ್ಯಾಯವಾದ ಕ್ರಮಗಳೇ. ಉಳುವವನಿಗೆ ಭೂಮಿ ಸಲ್ಲಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದಾಗ್ಯೂ, ಮಾನ್ಯವು ಹೋದಾಗ ಅದರ ನೆರಳಿನಲ್ಲಿದ್ದ ಮುಪ್ಪಿನ ಅನ್ನವೂ ಹೋಯಿತೆಂಬುದನ್ನು ಆ ಚರ್ಚೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿಯೇ ನಿಷಿದ್ಧವಾದಾಗ ಈ ಮಾತು ಇನ್ನೂ ತೀಕ್ಷ್ಣವಾಯಿತು. ಎರಡು ಎಕರೆ ಗದ್ದೆಯನ್ನು ವಾರಕ್ಕೆ ಕೊಟ್ಟು ಬಂದ ಭತ್ತದಿಂದ ಬದುಕುತ್ತಿದ್ದ ಮುದುಕಿಯಾದ ವಿಧವೆಗೆ ಆ ವಾರವೇ ಪಿಂಚಣಿಯಾಗಿದ್ದಿತು. ಉತ್ತವನ ಮನೆಯಲ್ಲಿಯೂ ಒಬ್ಬ ಮುದುಕಿ ಇದ್ದಳು. ಆಕೆಯ ಪಾಲಿಗೆ ಅದೇ ಕಾಯಿದೆ ಅನ್ನ ತಂದಿತು. ನಿರ್ಗತಿಕ ವಿಧವೆಯರಿಗೆ ಮಾಸಾಶನವು ಕರ್ನಾಟಕದಲ್ಲಿ ಆರಂಭವಾದದ್ದು ೧೯೮೪ರಲ್ಲಿ. ನಡುವಣ ಹತ್ತು ವರ್ಷಗಳ ಕಥೆ ಕಡತಗಳಲ್ಲಿಲ್ಲ.

ವೃದ್ಧಾಪ್ಯ ವೇತನವು ಅದಕ್ಕೂ ಮೊದಲೇ ಬಂದಿದ್ದಿತು. ವೃದ್ಧಾಪ್ಯದಲ್ಲಿ ಸಾರ್ವಜನಿಕ ಸಹಾಯವನ್ನು ನಮ್ಮ ಸಂವಿಧಾನದ ೪೧ನೆಯ ವಿಧಿಯು ರಾಜ್ಯಗಳಿಗೆ ಸೂಚಿಸಿದೆ, ಆದರೆ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ೧೯೫೭ರಲ್ಲಿ ಉತ್ತರ ಪ್ರದೇಶವು ಮೊದಲಿಗೆ ಇದನ್ನು ಕೈಗೊಂಡಿತು. ೧೯೬೦ರಲ್ಲಿ ಕೇರಳ ಮತ್ತು ಆಂಧ್ರ, ೧೯೬೨ರಲ್ಲಿ ಮದರಾಸು, ೧೯೬೫ರಲ್ಲಿ ಮೈಸೂರು. ವೇತನ ಮಂಜೂರು ಮಾಡುವ ಕೆಲಸವು ಕಂದಾಯ ಇಲಾಖೆಗೆ ಬಿದ್ದಿತು. ಕ್ಷಾಮದ ಪಟ್ಟಿಯನ್ನು ಬರೆದ ಇಲಾಖೆಯೇ ಇದನ್ನೂ ಬರೆಯಿತೆಂಬುದು ಆಕಸ್ಮಿಕವಲ್ಲ. ಜನನ ನೋಂದಣಿಯಿಲ್ಲದ ಹಳ್ಳಿಗಳಲ್ಲಿ ವಯಸ್ಸನ್ನು ನಿರ್ಧರಿಸುವುದು ಹೇಗೆ? ಪ್ಲೇಗು ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ ಎಂದು ಹೇಳುವವರನ್ನು ಗ್ರಾಮಲೆಕ್ಕಿಗನು ಅಂದಾಜಿನಿಂದ ಅಳೆಯಬೇಕಾಯಿತು. ವಯಸ್ಸಿಗಿಂತಲೂ ಕಠಿನವಾದುದು ನಿರ್ಗತಿಕತೆಯ ಪ್ರಮಾಣ. ಬೇರೆಯಾಗಿ ಸಂಸಾರ ಹೂಡಿದ ಮಗನು ಊರಿನಲ್ಲಿಯೇ ಇದ್ದರೆ, ಅವನು ಅನ್ನ ಹಾಕುವುದಿಲ್ಲವೆಂದು ಮುದುಕನು ಬಾಯಿಬಿಟ್ಟು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಆ ಮಾತನ್ನು ಚಾವಡಿಯಲ್ಲಿ ನಿಂತು ಹೇಳುವುದಕ್ಕಿಂತ ಉಪವಾಸವಿರುವುದನ್ನು ಲೇಸೆಂದು ತಿಳಿದವರು ಎಷ್ಟೋ ಮಂದಿ.

ಇತ್ತ ಕಾನೂನು ಮಗನನ್ನು ಬೇರೊಂದು ದಿಕ್ಕಿನಿಂದ ಹಿಡಿಯುತ್ತಿದ್ದಿತು. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶದ ಹಕ್ಕು ಹೆಂಡತಿ ಮಕ್ಕಳಿಗೆ ಮಾತ್ರ ಇದ್ದಿತು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೃದ್ಧ ತಂದೆತಾಯಿಗಳನ್ನು ಪೋಷಿಸುವ ಹೊಣೆಯನ್ನು ಮಗನಂತೆ ಮಗಳ ಮೇಲೂ ಇರಿಸಿತು. ೧೯೭೩ರ ಸಂಹಿತೆಯ ೧೨೫ನೆಯ ಕಲಮು ಎಲ್ಲ ಮತದವರಿಗೂ ಅನ್ವಯಿಸುವಂತೆ ತಂದೆತಾಯಿಗಳನ್ನು ಸೇರಿಸಿತು. ಹೀಗೆ ಒಂದು ಕಚೇರಿಯು ಮಗನಿಲ್ಲವೆಂದು ಸಿದ್ಧಪಡಿಸೆಂದಿತು, ಇನ್ನೊಂದು ಮಗನನ್ನು ಹಿಡಿದು ತಾರೆಂದಿತು.

೧೯೯೫ರ ಆಗಸ್ಟ್ ೧೫ರಂದು ಆರಂಭವಾದ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ ೭೫ ರೂಪಾಯಿ, ವಯಸ್ಸು ೬೫. ಸ್ವಂತ ಆದಾಯದಿಂದಾಗಲಿ ಕುಟುಂಬದವರ ನೆರವಿನಿಂದಾಗಲಿ ಜೀವನೋಪಾಯ ಇಲ್ಲದವರು ನಿರ್ಗತಿಕರೆಂದು ಅಲ್ಲಿಯೂ ಲಕ್ಷಣ. ಈ ಲಕ್ಷಣವು ಸಡಿಲಗೊಂಡದ್ದು ೨೦೦೭ರಲ್ಲಿ. ಒಂದೇ ವರ್ಷದೊಳಗೆ ಮೂರು ಸಂಗತಿಗಳು ನಡೆದವು. ಮೊದಲನೆಯದು ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ. ಆಗ ಮುಖ್ಯಮಂತ್ರಿಗಳಾಗಿದ್ದವರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು. ಸಣ್ಣ ಹಿಡುವಳಿದಾರರು, ಕೃಷಿಕೂಲಿಗಳು, ನೇಕಾರರು, ಮೀನುಗಾರರು ಮೊದಲಾದ ೬೫ ವರ್ಷ ದಾಟಿದವರಿಗೆ ತಿಂಗಳಿಗೆ ೪೦೦ ರೂಪಾಯಿಗಳನ್ನು ಅದು ಗೊತ್ತುಮಾಡಿತು. ವೃದ್ಧನನ್ನು ದಿಕ್ಕಿಲ್ಲದವನೆಂದು ಕರೆಯದೆ ದುಡಿದವನೆಂದು ಕರೆದುದೇ ಇದರ ವಿಶೇಷವೆಂದು ನಾವು ತಿಳಿಯುತ್ತೇವೆ. ಮಾನ್ಯದ ಕಾಲದ ಒಂದು ಗುಣವು, ಮಾನ್ಯವೇ ಇಲ್ಲದಿದ್ದವರ ಪಾಲಿಗೆ, ಇಲ್ಲಿ ಮರಳಿ ಕಾಣಿಸಿತು. ಮೊತ್ತವು ೨೦೧೮ರ ಆಯವ್ಯಯದಲ್ಲಿ ೬೦೦ರಿಂದ ೧,೦೦೦ಕ್ಕೂ ೨೦೨೧ರಲ್ಲಿ ೧,೨೦೦ಕ್ಕೂ ಏರಿತು. ಎರಡನೆಯದಾಗಿ, ನವೆಂಬರಿನಲ್ಲಿ ಕೇಂದ್ರದ ಯೋಜನೆಯು ಇಂದಿರಾ ಗಾಂಧಿಯವರ ಹೆಸರನ್ನು ಪಡೆದು, ನಿರ್ಗತಿಕನ ಬದಲು ಬಡತನದ ರೇಖೆಗಿಂತ ಕೆಳಗಿನ ಕುಟುಂಬದವನೆಂಬ ಮಾತನ್ನು ತಂದಿತು. ಮೂರನೆಯದು ಡಿಸೆಂಬರಿನಲ್ಲಿ ಬಂದ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ. ಅದು ಮಗನನ್ನು ಮಾತ್ರವಲ್ಲದೆ ಮಗಳನ್ನೂ ಮೊಮ್ಮಕ್ಕಳನ್ನೂ, ಮಕ್ಕಳಿಲ್ಲದವರ ಆಸ್ತಿಗೆ ಬಾಧ್ಯರಾಗುವ ಬಂಧುವನ್ನೂ ಹೊಣೆ ಮಾಡಿತು.

ಈ ಕಾಯಿದೆಯ ನ್ಯಾಯಮಂಡಲಿಗೆ ಕಂದಾಯ ಉಪವಿಭಾಗಾಧಿಕಾರಿಯೇ ಅಧ್ಯಕ್ಷರು, ವಕೀಲರಿಗೆ ಪ್ರವೇಶವಿಲ್ಲ, ತಿಂಗಳಿಗೆ ೧೦,೦೦೦ ರೂಪಾಯಿಗಳವರೆಗೆ ಜೀವನಾಂಶವನ್ನು ವಿಧಿಸಬಹುದೆಂದು ಗೊತ್ತಾಯಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮೂರು ಹಾಸನ ಉಪವಿಭಾಗಕ್ಕೆ ಸೇರಿದ್ದು, ಅರಕಲಗೂಡು ಮಾತ್ರ ಸಕಲೇಶಪುರ ಉಪವಿಭಾಗಕ್ಕೆ ಸೇರಿದೆ. ಆದುದರಿಂದ ಹಾಸನಪಟ್ಟಣಕ್ಕೆ ಸುಲಭವಾಗಿ ಹೋಗಿಬರಬಲ್ಲ ಅರಕಲಗೂಡಿನ ಮುದುಕನು ಮಗನ ಮೇಲೆ ಅರ್ಜಿ ಹಿಡಿದು ಮಲೆನಾಡಿನ ಬಾಗಿಲಿಗೆ ನಡೆಯಬೇಕು. ೨೦೨೩ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿದುದರಿಂದ, ದಂಪತಿಗಳಲ್ಲಿ ಅಜ್ಜಿಯೊಬ್ಬಳೇ ಹೋಗಿಬರುವುದು ಲಾಭಕರವೆಂದು ಯಾರಾದರೂ ಹೇಳಿದರೆ ಅದು ಬರಿಯ ತಮಾಷೆಯಾಗಲಾರದು. ವೃದ್ಧಾಶ್ರಮದ ವಿಷಯದಲ್ಲಿ ಈ ಕಾಯಿದೆಯ ೧೯ನೆಯ ಕಲಮು ಜಿಲ್ಲೆಗೆ ಒಂದರಂತೆ, ಕನಿಷ್ಠ ೧೫೦ ಮಂದಿ ನಿರ್ಗತಿಕರಿಗೆ ನೆಲೆಯನ್ನು ಹೇಳುತ್ತದೆ. ಆದರೆ ಅಲ್ಲಿರುವ ಕ್ರಿಯಾಪದವು ‘ಸ್ಥಾಪಿಸಬಹುದು’ ಎಂದೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಲ್ಲ. ಮಗನಿಗೆ ‘ತಕ್ಕದ್ದು’, ಸರ್ಕಾರಕ್ಕೆ ‘ಬಹುದು’.

ಇಷ್ಟರಲ್ಲಿ ಮಗನು ಊರು ಬಿಟ್ಟಿದ್ದನು. ೨೦೦೧ರಲ್ಲಿ ೧೭,೨೧,೬೬೯ ಇದ್ದ ಹಾಸನ ಜಿಲ್ಲೆಯ ಜನಸಂಖ್ಯೆಯು ೨೦೧೧ರಲ್ಲಿ ೧೭,೭೬,೪೨೧ ಆಯಿತು. ಹತ್ತು ವರ್ಷಗಳಲ್ಲಿ ನೂರಕ್ಕೆ ಮೂರರಷ್ಟು ಏರಿಕೆ. ರಾಜ್ಯದ ಏರಿಕೆಯೋ ನೂರಕ್ಕೆ ಹದಿನೈದನ್ನು ದಾಟಿದ್ದಿತು. ಹೆರಿಗೆಗಳು ಕಡಮೆಯಾದುದು ಒಂದು ಕಾರಣ. ಪ್ರಾಯದವರು ಬೆಂಗಳೂರಿಗೆ ಹೋದುದು ಇನ್ನೊಂದು. ಅದೇ ಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ನೂರಕ್ಕೆ ೮.೬, ಕರ್ನಾಟಕದಲ್ಲಿ ೯.೫. ೨೦೧೭ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಬೆಂಗಳೂರಿಗೆ ನೇರ ರೈಲು ಬಂದುದರಿಂದ ಹಬ್ಬಕ್ಕೆ ಬರುವುದು ಸುಲಭವಾಯಿತು, ಹೋಗುವುದೂ ಸುಲಭವಾಯಿತು. ಹೀಗೆ ಹೋದ ಮಗನ ಹೆಸರು ಪಡಿತರ ಚೀಟಿಯಲ್ಲಿ ತಂದೆಯ ಹೆಸರಿನ ಕೆಳಗೆ ಉಳಿದಿದ್ದರೆ, ಅವನ ನಗರದ ಸಂಬಳವು ತಂದೆಯ ಬಡತನವನ್ನು ಅಳಿಸಬಲ್ಲುದು, ಒಂದು ಕಾಸನ್ನೂ ಕಳಿಸದಿದ್ದರೂ ಸಹ. ಹಿಂದೆ ಚಾವಡಿಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿದ್ದ ಮಾತು ಈಗ ಚೀಟಿಯಲ್ಲಿ ಬೇರೆಯಾಗುವ ರೂಪವನ್ನು ತಾಳಿದೆ. ಅದೇ ಚೀಟಿಯು ೨೦೨೩ರಲ್ಲಿ ಗೃಹಲಕ್ಷ್ಮಿಯ ೨,೦೦೦ ರೂಪಾಯಿಗಳು ಮನೆಯ ಯಜಮಾನಿಗೆಂದು ಗೊತ್ತಾದಾಗ ಅತ್ತೆಗೋ ಸೊಸೆಗೋ ಎಂಬ ಚರ್ಚೆಯನ್ನೂ ಎಬ್ಬಿಸಿತು.

ಕೊನೆಯದಾಗಿ ಭೂಮಿಯ ಮಾತು. ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ಪೋಷಿಸದಿದ್ದರೆ, ಹಿರಿಯರು ರದ್ದುಪಡಿಸಿಕೊಳ್ಳಲು ೨೦೦೭ರ ಕಾಯಿದೆಯ ೨೩ನೆಯ ಕಲಮು ಅವಕಾಶ ಕೊಡುತ್ತದೆ. ಅಂತಹ ಷರತ್ತು ಇದ್ದಿತೆಂಬುದು ಸಿದ್ಧವಾಗಬೇಕೆಂದು ೨೦೨೨ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ೨೦೨೫ರ ಜನವರಿಯಲ್ಲಿ ಅದೇ ನ್ಯಾಯಾಲಯವು ಈ ಕಲಮನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಿತು. ಹಳೆಯ ವಿಭಾಗಪತ್ರಗಳಲ್ಲಿ, ತಂದೆತಾಯಿಗಳು ಯಾವ ಮಗನ ಮನೆಯಲ್ಲಿ ಎಷ್ಟು ತಿಂಗಳು ಇರತಕ್ಕದ್ದು, ಅವರ ಅನ್ನವಸ್ತ್ರಕ್ಕೆ ಯಾವ ಹೊಲದ ಫಸಲು ಸಲ್ಲತಕ್ಕದ್ದು ಎಂದು ಬರೆಯುವ ರೂಢಿ ಇದ್ದಿತು. ಈಗಿನ ದಾನಪತ್ರಗಳು ಅಚ್ಚಿನ ನಮೂನೆಯಲ್ಲಿ ಸಿದ್ಧವಾಗುತ್ತವೆ. ಆ ನಮೂನೆಯಲ್ಲಿ ‘ಪ್ರೀತಿ ವಿಶ್ವಾಸಗಳಿಂದ’ ಎಂಬ ಪದಗಳಿರುತ್ತವೆ. ಅನ್ನವಸ್ತ್ರದ ಸಾಲನ್ನು ಬರೆಯಿಸಬೇಕಾದರೆ ಮುದುಕನು ಉಪನೋಂದಣಿ ಕಚೇರಿಯ ಮೆಟ್ಟಿಲಿನ ಬಳಿ, ಮಗನ ಎದುರಿನಲ್ಲಿಯೇ, ಪತ್ರಬರಹಗಾರನಿಗೆ ಅದನ್ನು ಹೇಳಬೇಕು.