ಮಾಜಿ ನಾಯಕರ ಟೀಕೆ: ರಾಜಾಜಿಯವರ ನಿದರ್ಶನ

ಅಧಿಕಾರದಿಂದ ಇಳಿದ ರಾಷ್ಟ್ರನಾಯಕರು ತಮ್ಮ ನಂತರ ಆಳುವವರನ್ನು ಬಹಿರಂಗವಾಗಿ ಟೀಕಿಸಬಹುದೇ? ಸಿ. ರಾಜಗೋಪಾಲಾಚಾರಿಯವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ರಾಜಾಜಿ ನಮ್ಮ ಭಾಗಕ್ಕೆ ಅಪರಿಚಿತರಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರದೇಶ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಮದರಾಸಿನ ಮುಖ್ಯಮಂತ್ರಿ ಅವರೇ ಆಗಿದ್ದರು. ಅದಕ್ಕೂ ಮುನ್ನ, 1948ರಿಂದ 1950ರವರೆಗೆ, ಭಾರತದ ಗವರ್ನರ್ ಜನರಲ್ ಆಗಿದ್ದರು. ಬಳಿಕ ನೆಹರೂ ಸಂಪುಟದಲ್ಲಿ ಗೃಹ ಸಚಿವರಾಗಿದ್ದರು.

ಅಂಥವರು 1959ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ಸ್ವತಂತ್ರ ಪಕ್ಷವನ್ನು ಸ್ಥಾಪಿಸಿ ನೆಹರೂ ಸರ್ಕಾರದ ಸಹಕಾರಿ ಬೇಸಾಯದ ನಿರ್ಣಯವನ್ನೂ ಲೈಸೆನ್ಸ್-ಪರ್ಮಿಟ್ ನೀತಿಯನ್ನೂ ಕಟುವಾಗಿ ವಿರೋಧಿಸಿದರು. 1962ರಲ್ಲಿ ಲೋಕಸಭೆಯ 18 ಸ್ಥಾನ ಗೆದ್ದ ಆ ಪಕ್ಷ, 1967ರಲ್ಲಿ 44 ಸ್ಥಾನ ಪಡೆದು ಅತಿ ದೊಡ್ಡ ವಿರೋಧ ಪಕ್ಷವಾಯಿತು.

ಮಾಜಿಗಳು ಮಾತನಾಡಿದರೆ ಸರ್ಕಾರದ ಘನತೆ ಕುಂದುತ್ತದೆ ಎನ್ನುವವರಿದ್ದಾರೆ. ಆದರೆ ಆಡಳಿತದ ಒಳಹೊರಗನ್ನು ಬಲ್ಲವರೇ ಮೌನ ವಹಿಸಿದರೆ ಜನರಿಗೆ ತಿಳಿಹೇಳುವವರು ಯಾರು?

ಹಾಗೆಂದು ಅನುಭವಿಗಳ ಮಾತೆಲ್ಲ ಸರಿಯೆಂದಲ್ಲ. 1953ರಲ್ಲಿ ರಾಜಾಜಿಯವರೇ ಗ್ರಾಮೀಣ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ದಿನ ಮನೆತನದ ಕಸುಬು ಎಂಬ ಯೋಜನೆ ತಂದಿದ್ದರು. ಮಕ್ಕಳನ್ನು ಕುಲಕಸುಬಿಗೆ ಕಟ್ಟಿಹಾಕುತ್ತದೆಂದು ಅದಕ್ಕೆ ಭಾರಿ ವಿರೋಧ ಬಂತು. 1954ರಲ್ಲಿ ಅವರ ನಂತರ ಬಂದ ಕಾಮರಾಜರು ಅದನ್ನು ಕೈಬಿಟ್ಟರು.

ಆದ್ದರಿಂದ ಓದುಗರೇ, ಮಾಜಿ ನಾಯಕರು ಮಾತನಾಡಲಿ. ಅವರ ಟೀಕೆ ವ್ಯಕ್ತಿಯ ಮೇಲಲ್ಲ, ನೀತಿಯ ಮೇಲಿರಲಿ. ಅವರ ಹಿಂದಿನ ಪದವಿಗೆ ಮಣಿಯದೆ, ಮಾತನ್ನು ತೂಗಿ ನೋಡುವ ವಿದ್ಯೆ ನಮಗಿರಲಿ.